ಹವಳ ದ್ವೀಪಕ್ಕೆ ಮುಂಬಯಿಯಿಂದಲೇ ತಯಾರಿ: ಸ್ಕೂಬಾ ಡೈವಿಂಗ್‌ಗೆ ಎಂಟು ಸೂತ್ರಗಳು

ಲಕ್ಷದ್ವೀಪದ ಹವಳ ಬಂಡೆಗಳ ನಡುವೆ ಆಮೆ, ಗಿಳಿಮೀನು, ಸಿಂಹಮೀನುಗಳನ್ನು ಕಣ್ತುಂಬ ನೋಡುವ ಆಸೆಯೇ? ಅರ್ಧ ಕೆಲಸ ಮುಂಬಯಿಯಲ್ಲೇ ಮುಗಿಯಬೇಕು.

1. ಪರವಾನಗಿ ಮೊದಲು, ಟಿಕೆಟ್ ಆಮೇಲೆ. ಪ್ರವೇಶ ಪರವಾನಗಿ ಇಲ್ಲದೆ ದ್ವೀಪಕ್ಕೆ ಕಾಲಿಡುವಂತಿಲ್ಲ. ರೂಢಿಯ ದಾರಿ ಕೊಚ್ಚಿ, ಅಗತ್ತಿ ಮೂಲಕ. ಮಳೆಗಾಲ ಬಿಟ್ಟು ಹೊರಡಿ.

2. ಮೈಯನ್ನು ಕೇಳಿ. ಆಸ್ತಮಾ, ಹೃದಯ ಅಥವಾ ಕಿವಿಯ ತೊಂದರೆಯಿದ್ದರೆ ವೈದ್ಯರ ಒಪ್ಪಿಗೆ ಪಡೆಯಿರಿ. ನೆಗಡಿಯಾಗಿದ್ದರೆ ನೀರಿಗಿಳಿಯಬೇಡಿ.

3. ಈಜುಕೊಳದಲ್ಲಿ ಪಳಗಿ. ಸ್ಕೂಬಾದ ಮೊದಲ ಹಂತವಾದ ಓಪನ್ ವಾಟರ್ ಕೋರ್ಸಿಗೆ 200 ಮೀಟರ್ ಈಜು, 10 ನಿಮಿಷ ತೇಲುವುದು ಬರಬೇಕು. ಪಾಠ, ಕೊಳದ ಅಭ್ಯಾಸ ನಗರದಲ್ಲೇ ಮುಗಿದರೆ ದ್ವೀಪದ ದಿನಗಳೆಲ್ಲ ಕಡಲಿಗೆ. ಪ್ರಮಾಣಪತ್ರ ಸಿಕ್ಕರೆ 18 ಮೀಟರ್ ಆಳದವರೆಗೆ ಇಳಿಯಬಹುದು.

4. ಕಣ್ಣಿಗೂ ಅಭ್ಯಾಸ ಕೊಡಿ. ಮುಂಬಯಿಯ ಕಡಲಂಚಿನಲ್ಲೂ ಹವಳವಿದೆ. 'ಮರೀನ್ ಲೈಫ್ ಆಫ್ ಮುಂಬೈ' ತಂಡ 2017ರಿಂದ ಇಳಿತದ ಹೊತ್ತಿನಲ್ಲಿ ನಡೆಸುವ ತೀರ ನಡಿಗೆಗೆ ಹೋಗಿಬನ್ನಿ. ಬಂಡೆಯ ಬಣ್ಣದಲ್ಲೇ ಅಡಗಿರುವ ಜೀವಿಯನ್ನು ಗುರುತಿಸುವುದು ಅಲ್ಲಿ ರೂಢಿಯಾಗುತ್ತದೆ.

5. ಕಿವಿ ನೋಯುವ ಮುನ್ನವೇ ಸರಿಪಡಿಸಿ. 10 ಮೀಟರ್ ಆಳದಲ್ಲಿ ಒತ್ತಡ ದುಪ್ಪಟ್ಟು. ಇಳಿಯತೊಡಗಿದಾಗಿನಿಂದಲೇ ಮೂಗು ಹಿಡಿದು ಮೆಲ್ಲಗೆ ಊದುತ್ತಿರಿ. ನೋವಾದರೆ ತುಸು ಮೇಲೇರಿ.

6. ಉಸಿರು ಕಟ್ಟಬೇಡಿ, ಅವಸರ ಬೇಡ. ಮೇಲೇರುವಾಗ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ. ಉಸಿರು ಹಿಡಿದರೆ ಅಪಾಯ. ನಿಮಿಷಕ್ಕೆ 9 ಮೀಟರ್ ಮೀರದಂತೆ ಏರಿ, 5 ಮೀಟರಿನಲ್ಲಿ 3 ನಿಮಿಷ ನಿಲ್ಲಿ. ನೀರೊಳಗೆ ಹೆಬ್ಬೆರಳು ಎತ್ತಿದರೆ 'ಮೇಲೆ ಹೋಗೋಣ' ಎಂದರ್ಥ. 'ಸರಿ' ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ.

7. ಮುಟ್ಟಬೇಡಿ, ತರಬೇಡಿ. ಹವಳ ಜೀವಿ; ಫಿನ್ ತಾಗಿದರೂ ಮುರಿಯುತ್ತದೆ. 1998, 2010, 2016ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳ ಬಿಳಿಚಿದೆ. ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ಹುಲಿಯಷ್ಟೇ ರಕ್ಷಣೆ ಕೊಟ್ಟಿದೆ. ಮುಂಬಯಿಯ ಕೋಸ್ಟಲ್ ರೋಡ್‌ಗಾಗಿ 2020ರಲ್ಲಿ ಹಾಜಿ ಅಲಿ, ವರ್ಲಿಯ ಹವಳಗಳನ್ನು ಸ್ಥಳಾಂತರಿಸಲು ಮಹಾನಗರ ಪಾಲಿಕೆಯೂ ಅನುಮತಿ ಪಡೆಯಬೇಕಾಯಿತು. ದಡದಲ್ಲಿ ಬಿದ್ದ ತುಂಡನ್ನೂ ಚೀಲಕ್ಕೆ ಹಾಕಬೇಡಿ.

8. ಕೊನೆಯ ದಿನ ಡೈವ್ ಬೇಡ. ಹಲವು ಡೈವ್ ಮಾಡಿದ್ದರೆ ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ಬಿಡುವು ಬೇಕು, ರಕ್ತದಲ್ಲಿ ಉಳಿದ ಸಾರಜನಕ ಹೊರಹೋಗಲು. ಆ ದಿನವನ್ನು ಲಗೂನಿನ ತಿಳಿನೀರಲ್ಲಿ ಸ್ನಾರ್ಕೆಲಿಂಗ್‌ಗೆ ಇಟ್ಟುಕೊಂಡೇ ಟಿಕೆಟ್ ಕಾಯ್ದಿರಿಸಿ.