ಲಕ್ಷ್ಮಣರೇಖೆ

ಮೇರೆ ಮೀರಬೇಡವೆನ್ನಲು ನಾವೆಲ್ಲ ಬಳಸುವ ‘ಲಕ್ಷ್ಮಣರೇಖೆ’ ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಇಲ್ಲವೇ ಇಲ್ಲ. ಅಲ್ಲಿ ಸೀತೆಯ ಬಿರುನುಡಿಗೆ ನೊಂದ ಲಕ್ಷ್ಮಣನು ಆಕೆಯನ್ನು ವನದೇವತೆಗಳಿಗೆ ಒಪ್ಪಿಸಿ ಹೊರಡುತ್ತಾನೆ, ಅಷ್ಟೆ. ಗೆರೆ ಬಂದದ್ದು ಅನಂತರದ ಕಥನಗಳಲ್ಲಿ. ತುಳಸೀದಾಸರ ‘ರಾಮಚರಿತಮಾನಸ’ದಲ್ಲಿ ಅದರ ಪ್ರಸ್ತಾಪವಿರುವುದು ಲಂಕಾಕಾಂಡದ ಮಂಡೋದರಿಯ ಬಾಯಲ್ಲಿ, ಆ ಸಣ್ಣ ಗೆರೆಯನ್ನು ದಾಟಲಾಗದ್ದನ್ನೆತ್ತಿ ಆಕೆ ಗಂಡನನ್ನು ಹಂಗಿಸುತ್ತಾಳೆ. ಎಂದರೆ ಅಲ್ಲಿ ಗೆರೆ ತಡೆದದ್ದು ರಾವಣನನ್ನು, ಸೀತೆಯನ್ನಲ್ಲ! ಇದು ತಿಳಿದಾಗ ನನಗೆ ಸೋಜಿಗವಾಯಿತು. ಏಕೆಂದರೆ ನಮ್ಮ ಮನೆಗಳಲ್ಲಿ ಆ ಮಾತನ್ನು ಕೇಳಿಸಿಕೊಳ್ಳುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. 2020ರ ಮಾರ್ಚ್ 24ರಂದು ಪ್ರಧಾನಿಯವರು ಮನೆಬಾಗಿಲ ಲಕ್ಷ್ಮಣರೇಖೆಯನ್ನು ದಾಟಬೇಡಿರೆಂದಾಗ ಗಂಡಸರೂ ಅದರೊಳಗಾದರು. ಜಿರಲೆ ಕೊಲ್ಲುವ ಸೀಮೆಸುಣ್ಣಕ್ಕೂ ಇದೇ ಹೆಸರುಂಟು. ಅಲ್ಲಿ ಮಾತ್ರ ತಡೆ ಇನ್ನೂ ನುಗ್ಗಿ ಬರುವವನಿಗೇ ಇದೆ.