ಬೋಲ್ಡ್ ಇಟಾಲಿಕ್: ಬರೀ ವಾಲಿಸಿದ್ರೆ ಆಗಲ್ಲ

ಫೆಸ್ಟ್ ಪೋಸ್ಟರ್ ಮಾಡುವಾಗ ನಾವು ‘ಬಿ’ ಬಟನ್ ಒತ್ತಿ, ಪಕ್ಕದ ‘ಐ’ ಬಟನ್ನೂ ಒತ್ತಿಬಿಡ್ತೀವಿ. ಅಕ್ಷರ ದಪ್ಪ ಆಗಿ ಬಲಕ್ಕೆ ವಾಲುತ್ತೆ. ಇಂಗ್ಲಿಷ್ ಹೆಡ್ಡಿಂಗ್‌ಗೆ ಇದು ಚೆನ್ನಾಗೇ ಕಾಣುತ್ತೆ, ಕೆಳಗಿನ ಕನ್ನಡ ಸಾಲು ಮಾತ್ರ ಕೆಟ್ಟಿರುತ್ತೆ. ಯಾಕೆ ಹೀಗೆ?

ನಮ್ಮ ಪೋಸ್ಟರ್‌ಗಳಲ್ಲಿ ಆಗಾಗ ಕಾಣೋ ಪ್ಲೇಫೇರ್ ಡಿಸ್‌ಪ್ಲೇ ಫಾಂಟನ್ನೇ ತಗೊಳ್ಳಿ. ಡೆನ್ಮಾರ್ಕ್ ಮೂಲದ ಕ್ಲಾಸ್ ಎಗರ್ಸ್ ಸೋರೆನ್ಸೆನ್ ವಿನ್ಯಾಸ ಮಾಡಿದ್ದು. ಗೂಗಲ್ ಫಾಂಟ್ಸ್‌ನಲ್ಲಿ 2011ರಿಂದ ಉಚಿತ. 18ನೇ ಶತಮಾನದ ಇಂಗ್ಲೆಂಡಿನ ಜಾನ್ ಬಾಸ್ಕರ್‌ವಿಲ್ ಅವರ ಅಚ್ಚುಗಳ ಪ್ರಭಾವ ಇದರಲ್ಲಿದೆ. ಗೆರೆಗಳ ತುದಿಯಲ್ಲಿ ಪುಟ್ಟ ಚಾಚು ಇದೆಯಲ್ಲ, ಅದೇ ಸೆರಿಫ್. ದಪ್ಪ ಗೆರೆ ತುಂಬಾ ದಪ್ಪ, ತೆಳು ಗೆರೆ ಕೂದಲೆಳೆಯಷ್ಟು. ದೊಡ್ಡ ಸೈಜ್‌ನಲ್ಲಿ ಈ ವ್ಯತ್ಯಾಸವೇ ಅದರ ಚಂದ. ಇದರಲ್ಲೇ 10 ಪಾಯಿಂಟ್‌ನಲ್ಲಿ ಲ್ಯಾಬ್ ರೆಕಾರ್ಡ್ ಟೈಪ್ ಮಾಡಿದ್ರೆ ತೆಳು ಗೆರೆ ಮಾಯವಾಗುತ್ತೆ. ಬೋಲ್ಡ್ ಆದ್ರಂತೂ ಅಕ್ಷರದ ಒಳಗಿನ ಖಾಲಿ ಜಾಗವೂ ಮುಚ್ಚಿಹೋಗುತ್ತೆ. ಹೆಸರಲ್ಲಿ ‘ಡಿಸ್‌ಪ್ಲೇ’ ಅಂತ ಇರೋದು ಇದಕ್ಕೇ: ತಲೆಬರಹಕ್ಕೆ ಮಾತ್ರ.

ಇನ್ನು ಇಟಾಲಿಕ್. 1501ರಲ್ಲಿ ವೆನಿಸ್‌ನ ಆಲ್ಡಸ್ ಮನೂಷಿಯಸ್ ಆಗಿನ ಕೈಬರಹದ ಶೈಲಿಯನ್ನೇ ಅಚ್ಚಿಗೆ ತಂದ್ರು, ಅಚ್ಚು ಕೊರೆದವರು ಫ್ರಾಂಚೆಸ್ಕೊ ಗ್ರಿಫೊ. ಅಂದ್ರೆ ಇಟಾಲಿಕ್ ಹುಟ್ಟಿದ್ದೇ ಬೇರೆ ಅಕ್ಷರವಾಗಿ. ಇವತ್ತಿಗೂ ಒಳ್ಳೆ ಸೆರಿಫ್ ಫಾಂಟ್‌ನಲ್ಲಿ ಅದನ್ನ ಪ್ರತ್ಯೇಕವಾಗಿ ಬಿಡಿಸ್ತಾರೆ. ಪ್ಲೇಫೇರ್‌ನಲ್ಲಿ ‘ಐ’ ಒತ್ತಿದಾಗ ಸಾಫ್ಟ್‌ವೇರ್ ಆ ಬೇರೆ ಚಿತ್ರವನ್ನೇ ತರುತ್ತೆ. ಫಾಂಟ್‌ನಲ್ಲಿ ಇಟಾಲಿಕ್ ಇಲ್ಲದಿದ್ರೆ ತಾನೇ ಎಳೆದು ವಾಲಿಸುತ್ತೆ.

ಆ ಎಳೆಯೋದು ನಮಗೆ ಗೊತ್ತಿರೋ ಶಿಯರ್ ಮ್ಯಾಟ್ರಿಕ್ಸೇ. 12 ಡಿಗ್ರಿ ವಾಲಿಸಿದ್ರೆ ಪ್ರತಿ ಬಿಂದುವೂ ತನ್ನ ಎತ್ತರದ 0.21ರಷ್ಟು ಬಲಕ್ಕೆ ಸರಿಯುತ್ತೆ. ವೃತ್ತ ಓರೆ ದೀರ್ಘವೃತ್ತ ಆಗುತ್ತೆ: ಒಂದು ಕರ್ಣದ ಕಡೆ ಸುಮಾರು 11% ಹಿಗ್ಗಿ, ಇನ್ನೊಂದು ಕಡೆ 10% ಕುಗ್ಗುತ್ತೆ. ಗೆರೆಯ ದಪ್ಪವೂ ಅದೇ ಲೆಕ್ಕದಲ್ಲಿ ಏರುಪೇರು. ತೆಳು ಅಕ್ಷರದಲ್ಲಿ ಕಣ್ಣಿಗೆ ಬೀಳಲ್ಲ, ಬೋಲ್ಡ್‌ನಲ್ಲಿ ಎದ್ದು ಕಾಣುತ್ತೆ.

ಕನ್ನಡದಲ್ಲಿ ದುಂಡು ಇಲ್ಲದ ಅಕ್ಷರ ಎಲ್ಲಿದೆ ಹೇಳಿ? ‘ರ’, ‘ಠ’ ಎಲ್ಲ ಜಜ್ಜಿದ ಬಳೆ ಥರ ಆಗುತ್ತೆ. ಒತ್ತಕ್ಷರದ ಪಾಡು ಇನ್ನೂ ಕಷ್ಟ. ಅದು ಬೇಸ್‌ಲೈನ್ ಕೆಳಗಿರೋದ್ರಿಂದ ಅಲ್ಲಿ ಎತ್ತರ ಮೈನಸ್, ಹಾಗಾಗಿ ತಲೆಕಟ್ಟು ಬಲಕ್ಕೆ ಹೋದ್ರೆ ಒತ್ತು ಎಡಕ್ಕೆ ಜಾರುತ್ತೆ! ‘ಅಕ್ಕ’ ಅಂತ ಟೈಪ್ ಮಾಡಿ ‘ಐ’ ಒತ್ತಿ ನೋಡಿ.

ನೋಟೊ ಸೆರಿಫ್ ಕನ್ನಡದಲ್ಲಿ ತೂಕ 100ರಿಂದ 900ರವರೆಗೆ ಸಿಗುತ್ತೆ, ಇಟಾಲಿಕ್ ಇಲ್ಲ. ನನಗೆ ಅದು ಕೊರತೆ ಅನ್ಸಲ್ಲ. ಒತ್ತಿ ಹೇಳೋಕೆ ದಪ್ಪ ಇದೆ, ಸೈಜ್ ಇದೆ, ಬಣ್ಣ ಇದೆ. ಇಂಗ್ಲಿಷ್ ಸಾಲು ಪ್ಲೇಫೇರ್ ಬೋಲ್ಡ್ ಇಟಾಲಿಕ್‌ನಲ್ಲಿ ಇರಲಿ, ಪಕ್ಕದಲ್ಲಿ ಕನ್ನಡ ನೆಟ್ಟಗೇ ನಿಲ್ಲಲಿ. ತೂಕವನ್ನ ಮಾತ್ರ ನಂಬರ್ ನೋಡಿ ಹೊಂದಿಸಬೇಡಿ, ಪ್ರಿಂಟ್ ತೆಗೆದು ದೂರದಿಂದ ನೋಡಿ ಹೊಂದಿಸಿ. ಕ್ಲಬ್ ವೆಬ್‌ಸೈಟ್ ಮಾಡ್ತಿರೋರು ಸಿಎಸ್‌ಎಸ್‌ನಲ್ಲಿ ಫಾಂಟ್-ಸಿಂಥೆಸಿಸ್ ಅನ್ನೋದಕ್ಕೆ ‘ನನ್’ ಕೊಡಿ, ಆಗ ಬ್ರೌಸರ್ ಕನ್ನಡವನ್ನ ತಾನಾಗೇ ವಾಲಿಸಲ್ಲ.