ಸಾಲದ ಅರ್ಜಿಗೆ ಮುನ್ನ ಹಕ್ಕಿನ ಪತ್ರ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಆ್ಯಪ್, ಆನಿಮೇಷನ್, ಗೇಮ್ ರೂಪಿಸುವ ಸಣ್ಣ ಉದ್ಯಮಿಗಳ ಬಳಿ ಅಡವಿಡಲು ಜಮೀನಿನ ಪಹಣಿ ಇಲ್ಲದಿದ್ದರೂ, ಕೋಡ್, ಪಾತ್ರಚಿತ್ರ, ಟ್ರೇಡ್‌ಮಾರ್ಕ್‌ಗಳ ರೂಪದಲ್ಲಿ ಅಮೂರ್ತ ಆಸ್ತಿ, ಅಂದರೆ ಕೈಗೆ ಸಿಗದಿದ್ದರೂ ಕಾನೂನು ಮಾನ್ಯ ಮಾಡುವ ಸ್ವತ್ತು, ಇರುತ್ತದೆ. ಆದರೆ ಅದರ ಒಡೆತನ ಕಾಗದದಲ್ಲಿ ಸ್ಪಷ್ಟವಾಗಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದ ಕೋಡ್ ಸಾಮಾನ್ಯವಾಗಿ ಸಂಸ್ಥೆಗೆ ಸೇರುತ್ತದೆ. ಹೊರಗಿನವರಿಂದ ಗುತ್ತಿಗೆಗೆ ಬರೆಸಿದ್ದಾದರೆ ಸಹಿ ಮಾಡಿದ ಹಸ್ತಾಂತರ ಪತ್ರ ಬೇಕು, ಅದರಲ್ಲಿ ಅವಧಿಯನ್ನು ನಮೂದಿಸದಿದ್ದರೆ ಹಕ್ಕು 5 ವರ್ಷಕ್ಕೇ ಮುಗಿಯುತ್ತದೆ.

ಹೆಸರಿನ ಬೆಲೆಯೊಂದನ್ನೇ ನೆಚ್ಚಿಕೊಳ್ಳುವುದೂ ಸಲ್ಲದು. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಅಡವಿಟ್ಟಿದ್ದ ಟ್ರೇಡ್‌ಮಾರ್ಕ್‌ಗಳನ್ನು 2016ರಲ್ಲಿ ಬ್ಯಾಂಕುಗಳು 366.70 ಕೋಟಿ ರೂಪಾಯಿ ಮೂಲಬೆಲೆಗೆ ಹರಾಜಿಗಿಟ್ಟಾಗ ಒಬ್ಬರೂ ಕೂಗಲಿಲ್ಲ. ಆದ್ದರಿಂದ ಬ್ಯಾಂಕಿನವರು ಆಸ್ತಿಯ ಹೆಸರಿಗಿಂತ ಅದು ತರುವ ವರಮಾನವನ್ನು, ಎಂದರೆ ಲೈಸೆನ್ಸ್ ಒಪ್ಪಂದ, ಚಂದಾ ಹಣ, ಜಿಎಸ್‌ಟಿ ಲೆಕ್ಕಗಳನ್ನು, ಹೆಚ್ಚು ನಂಬುತ್ತಾರೆ. ಸಣ್ಣ ಉದ್ಯಮಗಳ ಸಾಲಕ್ಕೆ ಬ್ಯಾಂಕಿಗೆ ಖಾತರಿ ಕೊಡಲೆಂದೇ 2000ದಲ್ಲಿ ಸ್ಥಾಪನೆಯಾದ ಸಿಜಿಟಿಎಂಎಸ್‌ಇ ಟ್ರಸ್ಟ್ ಇರುವುದರಿಂದ, ಉದ್ಯಮಿಗಳು ಮೊದಲು ಉದ್ಯಮ್ ನೋಂದಣಿ ಮಾಡಿಸಿ, ಹಕ್ಕಿನ ಪತ್ರಗಳನ್ನೂ ವರಮಾನದ ದಾಖಲೆಗಳನ್ನೂ ಒಂದೇ ಕಡತದಲ್ಲಿ ಜೋಡಿಸಿಕೊಂಡು, ಹಾಸನದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿದ ಬಳಿಕವೇ ಬ್ಯಾಂಕಿನ ಮೆಟ್ಟಿಲು ಹತ್ತುವುದು ಲೇಸು.